ನಾಣ್ಯದ ಮೇಲೆ ರಾಜನ ಮುಖ ಬೇಕಾ? ಮಕ್ಕಳ ಜೊತೆ ಈ ಚರ್ಚೆ ನಡೆಸೋದು ಹೀಗೆ

ಹುಡುಗರು ಕ್ರಿಕೆಟ್ ಆಡುವಾಗ ಟಾಸ್ ಹಾಕಿ ‘ಹೆಡ್ಡು’ ಅಂತ ಕೂಗುತ್ತಾರೆ. ಕೈಯಲ್ಲಿರೋದು ಎರಡು ರೂಪಾಯಿ ನಾಣ್ಯ. ಒಂದು ಕಡೆ ಅಶೋಕನ ಸಿಂಹ, ಇನ್ನೊಂದು ಕಡೆ ಬೆಲೆ. ಯಾವ ಮನುಷ್ಯನ ತಲೆಯೂ ಇಲ್ಲ. ‘ಮತ್ತೆ ಹೆಡ್ಡು ಅಂತ ಯಾಕೆ ಅಂತೀರಿ?’ ಎಂದು ನಾನು ಒಂಬತ್ತನೇ ತರಗತಿಯಲ್ಲಿ ಕೇಳಿದ ದಿನ ಮಕ್ಕಳು ಮುಖ ಮುಖ ನೋಡಿಕೊಂಡರು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ನಿಧಾನವಾಗಿ, ‘ಮುಂಚೆ ಇತ್ತೇನೋ ಟೀಚರ್’ ಅಂದ. ಅಲ್ಲಿಂದ ಶುರುವಾದ ಪಾಠ ಇದು.

ಹೊಸನಗರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದಷ್ಟು ಕಾಲವೂ ಇದನ್ನು ಮಾಡಿಸಿದೆ. ಈಗ ನಿವೃತ್ತಿಯಾಗಿದೆ. ಕರೆದ ಶಾಲೆಗೆಲ್ಲ ನಾಣ್ಯದ ಡಬ್ಬಿ ಹಿಡಿದು ಹೋಗುತ್ತೇನೆ. ನೀವೂ ಮಾಡಿಸಬಹುದು. ಶಾಲೆಯೇ ಬೇಕು ಅಂತಿಲ್ಲ. ಮಳೆಗಾಲದ ಮಧ್ಯಾಹ್ನ ಮನೆಯ ಜಗಲಿಯಲ್ಲಿ ನಾಲ್ಕು ಮಕ್ಕಳಿದ್ದರೂ ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ‘ದೇಶದ ನಾಣ್ಯದ ಮೇಲೆ ರಾಜನ ಮುಖ ಇರಬೇಕೋ ಬೇಡವೋ’ ಎಂದು ಬೋರ್ಡಿನ ಮೇಲೆ ಬರೆದು, ಎಡಗಡೆಯವರು ಪರ, ಬಲಗಡೆಯವರು ವಿರೋಧ ಅಂತ ಕೂರಿಸಬೇಡಿ. ಹಾಗೆ ಮಾಡಿದರೆ ಮಕ್ಕಳು ಭಾಷಣ ಸ್ಪರ್ಧೆಯ ಧಾಟಿಗೆ ಹೋಗುತ್ತಾರೆ. ಮೊದಲು ನಾಣ್ಯ ಕೈಗೆ ಕೊಡಿ. ಅಭಿಪ್ರಾಯ ಆಮೇಲೆ.

ನಾಣ್ಯ ಎಲ್ಲಿಂದ ತರೋದು?

ನಮ್ಮ ಮಲೆನಾಡಿನ ಹಳೇ ಮನೆಗಳಲ್ಲಿ ನಾಣ್ಯಕ್ಕೆ ಬರ ಇಲ್ಲ. ದೇವರ ಪೆಟ್ಟಿಗೆ, ಮುಡಿಪಿನ ಗಂಟು, ಅಟ್ಟದ ಮೇಲಿನ ಮರದ ಸಂದೂಕ, ಎಲ್ಲಾದರೂ ಒಂದು ಕಡೆ ನಾಲ್ಕು ಕಾಸು ಇದ್ದೇ ಇರುತ್ತದೆ. ಆದರೆ ಮಕ್ಕಳಿಗೆ ಖಡಾಖಂಡಿತವಾಗಿ ಹೇಳಿ: ಬೆಳ್ಳಿ, ಬಂಗಾರ ತರಬಾರದು. ಪೂಜೆಗೆ ಇಟ್ಟಿದ್ದನ್ನು ಮುಟ್ಟಬಾರದು. ಮುಡಿಪು ಬಿಚ್ಚಲೇಬಾರದು. ತಾಮ್ರ, ಹಿತ್ತಾಳೆಯ ಚಿಲ್ಲರೆ ಸಾಕು. ಅದೂ ಮನೆಯವರನ್ನು ಕೇಳಿಯೇ ತರಬೇಕು.

ನನ್ನ ಡಬ್ಬಿಯಲ್ಲಿರೋದು ಬಹುತೇಕ ನಮ್ಮಜ್ಜಿಯದು. 1862ರ ವಿಕ್ಟೋರಿಯಾ ರಾಣಿಯ ಕಾಲಾಣೆ, ಏಳನೇ ಎಡ್ವರ್ಡನದೊಂದು, ಐದನೇ ಜಾರ್ಜನವು ಎರಡು, ಆರನೇ ಜಾರ್ಜನ ಒಂದು ರೂಪಾಯಿ, ಏಳು ತೂತಿನ ಕಾಸು, 1950ರ ನಂತರದ ಎತ್ತಿನ ಆಣೆಗಳು. ಸಣ್ಣವಳಿದ್ದಾಗ ಆ ವಿಕ್ಟೋರಿಯಾ ಕಾಲಾಣೆಗೆ ನಾನು ಹುಣಸೆಹಣ್ಣು ಹಚ್ಚಿ, ಬೂದಿ ಹಾಕಿ ತಿಕ್ಕಿದ್ದೆ. ಫಳಫಳ ಹೊಳೆಯಿತು. ರಾಣಿಯ ಕಿರೀಟದ ಗೆರೆಗಳೂ ಹೋದವು. ಅದನ್ನು ಈಗಲೂ ಮಕ್ಕಳಿಗೆ ತೋರಿಸಿ, ಹಳೇ ನಾಣ್ಯವನ್ನು ಯಾವ ಕಾರಣಕ್ಕೂ ತಿಕ್ಕಬೇಡಿ ಅನ್ನುತ್ತೇನೆ. ಅದರ ಮೇಲಿನ ಕಪ್ಪು ಬಣ್ಣ ಕೊಳೆಯಲ್ಲ, ಅದೇ ಅದಕ್ಕೆ ಕಾವಲು. ಮಣ್ಣು ಮೆತ್ತಿದ್ದರೆ ನೀರಲ್ಲಿ ಅದ್ದಿ, ಬಟ್ಟೆಯಲ್ಲಿ ಒತ್ತಿ ಒರೆಸಿದರೆ ಆಯಿತು.

ಬೇರೆ ದೇಶದ ನಾಣ್ಯಕ್ಕೆ ಚಿತ್ರ ಪ್ರಿಂಟ್ ಹಾಕಿಸಿಕೊಳ್ಳಿ. ಹಳೇ ವಿದ್ಯಾರ್ಥಿಗಳು ಯಾರಾದರೂ ಹೊರದೇಶದಲ್ಲಿದ್ದರೆ ಊರಿಗೆ ಬರುವಾಗ ಜೇಬಿನ ಚಿಲ್ಲರೆ ತರೋಕೆ ಹೇಳಿ. ನನಗೆ ಮೂರನೇ ಚಾರ್ಲ್ಸ್‌ನ 50 ಪೆನ್ನಿ ಸಿಕ್ಕಿದ್ದು ಹೀಗೆ.

ತಟ್ಟೆ, ಬಟ್ಟೆ, ಪೆನ್ಸಿಲ್

ಐದೈದು ಮಕ್ಕಳ ಗುಂಪು ಮಾಡಿ. ಗುಂಪಿಗೊಂದು ಬಿಸಿಯೂಟದ ತಟ್ಟೆ, ಅದರ ಮೇಲೆ ಹಳೇ ಪಂಚೆಯ ತುಂಡು. ಬಟ್ಟೆಯ ಮೇಲೆ ಬಿಳಿ ಹಾಳೆ ಹಾಸಿ, ಪ್ರತಿ ನಾಣ್ಯ ಇಟ್ಟು ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಪ್ರತಿಯೊಂದಕ್ಕೂ ಅದರದ್ದೇ ಮನೆ ಇರಬೇಕು.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಒಂದು ವರ್ಷ ಚೌಕದ ಎರಡಾಣೆ ಕಾಣಲಿಲ್ಲ. ಒಬ್ಬ ಹುಡುಗನ ಮೇಲೆ ನನಗೆ ಅನುಮಾನ ಬಂತು. ಎಲ್ಲರೆದುರು ಅವನ ಜೇಬು ತೋರಿಸೋಕೆ ಹೇಳಿದೆ. ನಾಣ್ಯ ಇದ್ದದ್ದು ಬಟ್ಟೆಯ ಮಡಿಕೆಯಲ್ಲಿ. ಮರುದಿನ ಎಲ್ಲರೆದುರೇ ಅವನ ಹತ್ತಿರ ಕ್ಷಮೆ ಕೇಳಿದೆ. ಅವನು ‘ಪರವಾಗಿಲ್ಲ ಟೀಚರ್’ ಅಂದ, ಆದರೆ ಆ ವರ್ಷವಿಡೀ ನಾಣ್ಯದ ತಟ್ಟೆಯ ಹತ್ತಿರ ಬರಲಿಲ್ಲ. ಗೆರೆ ಎಳೆದ ಹಾಳೆ ಇದ್ದರೆ ಯಾವುದು ಇಲ್ಲ ಅಂತ ಒಂದು ನೋಟಕ್ಕೆ ಗೊತ್ತಾಗುತ್ತದೆ. ಯಾರನ್ನೂ ಕೇಳಬೇಕಾಗಿಲ್ಲ.

ಇನ್ನು ಅಚ್ಚು ತೆಗೆಯೋದು. ಮದುವೆ ಕರೆಯೋಲೆಯ ಒಳಗೆ ಬರುವ ತೆಳು ಹಾಳೆ ಇದಕ್ಕೆ ಬಹಳ ಒಳ್ಳೆಯದು. ನಾಣ್ಯದ ಮೇಲೆ ಹಾಳೆ ಬಿಗಿಯಾಗಿ ಹಿಡಿಯಿರಿ. ಮೆತ್ತನೆಯ ಪೆನ್ಸಿಲನ್ನು ಮಲಗಿಸಿ, ಅಂಚಿನಿಂದ ಒಳಕ್ಕೆ ಹಗುರವಾಗಿ ಉಜ್ಜುತ್ತಾ ಬನ್ನಿ. ಮೊದಲು ಅಂಚಿನ ಚುಕ್ಕಿ ಏಳುತ್ತದೆ, ಆಮೇಲೆ ಅಕ್ಷರ, ಕೊನೆಗೆ ಮೂಗು, ಗಲ್ಲ, ಕಿವಿ. ಕಣ್ಣಿಗೆ ಕಾಣದಷ್ಟು ಸವೆದ ಇಸವಿ ಎಷ್ಟೋ ಸಲ ಹಾಳೆಯ ಮೇಲೆ ಕಾಣುತ್ತದೆ. ಜುಲೈ ತಿಂಗಳಲ್ಲಿ ಹಾಳೆ ಥಂಡಿ ಹಿಡಿದು ಹರಿಯುತ್ತೆ, ಹಿಂದಿನ ರಾತ್ರಿಯೇ ಅಕ್ಕಿ ಡಬ್ಬಿಯಲ್ಲಿ ಇಟ್ಟುಕೊಳ್ಳಿ.

ಮೊದಲ ಪ್ರಶ್ನೆ: ಯಾವ ಕಡೆ ನೋಡ್ತಿದ್ದಾರೆ?

ಬೇಕಾ ಬೇಡ್ವಾ ಅಂತ ಇನ್ನೂ ಕೇಳಬೇಡಿ. ಅಚ್ಚುಗಳನ್ನು ಇಸವಿಯ ಸಾಲಿನಲ್ಲಿ ಗೋಡೆಗೆ ಅಂಟಿಸಿ, ‘ಇವರೆಲ್ಲ ಯಾವ ಕಡೆ ನೋಡ್ತಿದ್ದಾರೆ?’ ಅಂತ ಕೇಳಿ. ವಿಕ್ಟೋರಿಯಾ ಎಡಕ್ಕೆ. ಎಡ್ವರ್ಡ್ ಬಲಕ್ಕೆ. ಐದನೇ ಜಾರ್ಜ್ ಎಡಕ್ಕೆ. ಹಾಗಾದರೆ ಆರನೇ ಜಾರ್ಜ್ ಬಲಕ್ಕಿರಬೇಕಲ್ಲ? ಇಲ್ಲ, ಅವನೂ ಎಡಕ್ಕೇ ನೋಡುತ್ತಾನೆ. ಇಲ್ಲಿ ಮಕ್ಕಳು ತಲೆ ಕೆಡಿಸಿಕೊಳ್ಳಲಿ, ಬೇಗ ಉತ್ತರ ಹೇಳಬೇಡಿ.

ಬ್ರಿಟನ್ನಿನಲ್ಲಿ ಎರಡನೇ ಚಾರ್ಲ್ಸ್ ಕಾಲದಿಂದ ಒಂದು ರೂಢಿ ಇದೆ. ಹೊಸ ದೊರೆ ಹಿಂದಿನವನ ವಿರುದ್ಧ ದಿಕ್ಕಿಗೆ ಮುಖ ಮಾಡಬೇಕು. ಇಬ್ಬರು ಜಾರ್ಜ್‌ಗಳ ನಡುವೆ ಎಂಟನೇ ಎಡ್ವರ್ಡ್ ಇದ್ದ. ಪಟ್ಟಕ್ಕೆ ಬಂದ ವರ್ಷದೊಳಗೇ, 1936ರ ಡಿಸೆಂಬರ್‌ನಲ್ಲಿ, ಸಿಂಹಾಸನ ಬಿಟ್ಟ. ನಮ್ಮಲ್ಲಿ ಅವನ ಮುಖದ ನಾಣ್ಯ ಚಲಾವಣೆಗೆ ಬರಲೇ ಇಲ್ಲ. ಅವನು ಬಲಕ್ಕೆ ನೋಡಿದ್ದ ಅಂತ ಲೆಕ್ಕ ಹಿಡಿದು ಆರನೇ ಜಾರ್ಜ್‌ನನ್ನು ಎಡಕ್ಕೆ ತಿರುಗಿಸಿದರು. ಎಲಿಜಬೆತ್ ಬಲಕ್ಕೆ ನೋಡುತ್ತಿದ್ದರು, ಈಗ ಚಾರ್ಲ್ಸ್ ಎಡಕ್ಕೆ. ಈ ಕತೆ ಗೊತ್ತಾದ ಮೇಲೆ ಮಕ್ಕಳಿಗೆ ಒಂದು ವಿಷಯ ತಾನಾಗಿ ಹೊಳೆಯುತ್ತದೆ. ಮುಖ ಹಾಕೋದು ಸುಮ್ನೆ ಅಲಂಕಾರಕ್ಕಲ್ಲ, ಅದರ ಹಿಂದೆ ‘ಈಗ ಆಳುತ್ತಿರೋದು ಇವರು’ ಅನ್ನೋ ಡಂಗುರ ಇದೆ. ರೇಡಿಯೋ ಇಲ್ಲದ, ಪತ್ರಿಕೆ ತಲುಪದ ಊರಿಗೂ ದೊರೆ ಬದಲಾದ ಸುದ್ದಿ ಸಂತೆಯ ಚಿಲ್ಲರೆಯ ಜೊತೆ ಬರುತ್ತಿತ್ತು.

ರೋಮಿನಲ್ಲಿ ಬದುಕಿರುವಾಗಲೇ ತನ್ನ ಮುಖವನ್ನು ರೋಮಿನ ನಾಣ್ಯದ ಮೇಲೆ ಕಂಡ ಮೊದಲಿಗ ಜೂಲಿಯಸ್ ಸೀಸರ್, ಕ್ರಿಸ್ತಪೂರ್ವ 44ರಲ್ಲಿ. ಅದೇ ವರ್ಷ ಅವನ ಕೊಲೆಯಾಯಿತು. ಇದನ್ನು ಹೇಳಿ ಒಂದು ನಿಮಿಷ ಸುಮ್ಮನಿರಿ.

1911ರ ರೂಪಾಯಿಯ ಕತೆಯನ್ನೂ ಬಿಡಬೇಡಿ. ಐದನೇ ಜಾರ್ಜನ ಅಂಗಿಯ ಮೇಲೆ ಪದಕದಲ್ಲಿ ಒಂದು ಆನೆ ಇತ್ತು. ಸೊಂಡಿಲು ಗಿಡ್ಡವಾಗಿ ಬಂದು ಜನರ ಕಣ್ಣಿಗೆ ಅದು ಹಂದಿಯಂತೆ ಕಂಡಿತು. ಗಲಾಟೆಯಾಗಿ ಸರ್ಕಾರ ಆ ನಾಣ್ಯ ವಾಪಸ್ ಪಡೆದು, 1912ರಲ್ಲಿ ಆನೆಯನ್ನು ತಿದ್ದಿ ಹೊಸ ಅಚ್ಚು ಹಾಕಿತು. ಉಗುರಿನಷ್ಟೂ ಇಲ್ಲದ ಚಿತ್ರವನ್ನೂ ಜನ ಅಷ್ಟು ಹತ್ತಿರದಿಂದ ನೋಡುತ್ತಿದ್ದರು ಅಂತ ಇದರಿಂದ ಗೊತ್ತಾಗುತ್ತದೆ. ನಾಣ್ಯದ ಮೇಲೆ ಏನಿದ್ದರೇನು ಎನ್ನುವವರಿಗೆ ನಾನು ಕೊಡುವ ಉತ್ತರ ಇದೇ.

ಆಮೇಲೆ ತೂತಿನ ಕಾಸು

ಇಡೀ ಪಾಠದಲ್ಲಿ ನನಗೆ ಜಾಸ್ತಿ ಇಷ್ಟವಾದ ಘಟ್ಟ ಇದು. ಪ್ರತಿ ಗುಂಪಿಗೂ ಒಂದು ತೂತಿನ ಕಾಸು ಕೊಡಿ. 1943ರಿಂದ 1947ರವರೆಗೆ ಬಂದದ್ದು. ಯುದ್ಧದ ಕಾಲದಲ್ಲಿ ಲೋಹಕ್ಕೆ ತತ್ವಾರವಾಗಿ ನಡುವೆ ತೂತು ಹೊಡೆದು ಅಚ್ಚು ಹಾಕಿದರು. ಮಕ್ಕಳ ಉಡಿದಾರಕ್ಕೆ ಪೋಣಿಸೋಕೆ ಹೇಳಿ ಮಾಡಿಸಿದಂತಿತ್ತು. ನಮ್ಮ ಅಪ್ಪನ ಸೊಂಟದಲ್ಲೂ ಒಂದಿತ್ತಂತೆ.

‘ಇದರಲ್ಲಿ ರಾಜ ಎಲ್ಲಿ?’ ಅಂತ ಕೇಳಿ. ಮಕ್ಕಳು ತಿರುಗಿಸಿ ಮುರುಗಿಸಿ ಹುಡುಕುತ್ತಾರೆ. ರಾಜ ಇಲ್ಲ. ಮುಖ ಬರಬೇಕಾದ ಜಾಗದಲ್ಲಿ ತೂತು ಬಂದಿದೆ. ಮೇಲುಗಡೆ ಒಂದು ಪುಟ್ಟ ಕಿರೀಟ ಮಾತ್ರ. ಆಳುತ್ತಿದ್ದದ್ದು ಆರನೇ ಜಾರ್ಜೇ. ಆದರೂ ಅಂಗಡಿಯವರು ಈ ಕಾಸನ್ನು ಬೇಡ ಅನ್ನಲಿಲ್ಲ, ಉಪ್ಪು, ಬೆಲ್ಲ ಎಲ್ಲ ಬಂತು. ಹಾಗಾದರೆ ನಾಣ್ಯಕ್ಕೆ ಬೆಲೆ ಬರೋದು ಮುಖದಿಂದಲಾ?

ಇಲ್ಲಿ ಒಬ್ಬರಾದರೂ ‘ಬೆಳ್ಳಿಯಿಂದ’ ಅನ್ನುತ್ತಾರೆ. ಅದಕ್ಕೂ ಉತ್ತರ ಇಟ್ಟುಕೊಳ್ಳಿ. ಹಳೇ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲ ತೂಗುತ್ತಿತ್ತು, 11.66 ಗ್ರಾಂ. ಒಡವೆ ಮಾಡುವ ಆಚಾರ್ರು ಅದನ್ನೇ ತಕ್ಕಡಿಗೆ ತೂಕದ ಕಲ್ಲಾಗಿ ಹಾಕುತ್ತಿದ್ದರು ಅಂತ ಅಜ್ಜಿ ಹೇಳುತ್ತಿದ್ದರು. 1940ರಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. 1947ರಲ್ಲಿ ಬೆಳ್ಳಿ ಪೂರ್ತಿ ಹೋಗಿ ನಿಕ್ಕಲ್ ಬಂತು. ರಾಜನ ಮುಖ ಹಾಗೇ ಇತ್ತು, ಅದೇ ಗಾಂಭೀರ್ಯ. ಒಳಗಿನ ಬೆಳ್ಳಿ ಹೋಗಿದ್ದು ಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲ.

ನಮ್ಮ ನೆಲದ ನಾಣ್ಯ

ಮಕ್ಕಳು ಇದನ್ನು ಬ್ರಿಟಿಷರ ವಿಷಯ ಅಂತ ತಿಳಿದುಬಿಡುತ್ತಾರೆ. ಅದಕ್ಕೇ ಕೆಳದಿ ನಾಯಕರ ವರಹದ, ಅಂದರೆ ಚಿನ್ನದ ನಾಣ್ಯದ, ಚಿತ್ರ ತೆಗೆಯಿರಿ. ಒಂದು ಕಡೆ ಶಿವ ಪಾರ್ವತಿ ಕೂತಿದ್ದಾರೆ. ಇನ್ನೊಂದು ಕಡೆ ನಾಗರಿ ಅಕ್ಷರದಲ್ಲಿ ‘ಶ್ರೀ ಸದಾಶಿವ’. ನಾಯಕರ ಮುಖ ಇಲ್ಲ. 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರು ಗೆದ್ದ, ಅಂದರೆ ನಮ್ಮ ಈಗಿನ ನಗರ. ಗೆದ್ದ ಮೇಲೆ ಅವನು ತನ್ನ ಚಿನ್ನದ ನಾಣ್ಯದಲ್ಲಿ ಶಿವ ಪಾರ್ವತಿಯರನ್ನು ಹಾಗೇ ಉಳಿಸಿದ. ಹಿಂದುಗಡೆ ಮಾತ್ರ ತನ್ನ ಹೆಸರಿನ ಮೊದಲ ಅಕ್ಷರ ಹಾಕಿದ, ಪಾರಸಿ ಲಿಪಿಯಲ್ಲಿ. ವ್ಯಾಪಾರಿಗಳು ಯಾವ ನಾಣ್ಯವನ್ನು ನಂಬುತ್ತಾರೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು ಅನ್ನೋದು ನನ್ನ ಅಭಿಪ್ರಾಯ. ನಗರದ ಕೋಟೆಯ ಪಕ್ಕದ ರಸ್ತೆಯಲ್ಲೇ ದಿನಾ ಬಸ್ಸಿನಲ್ಲಿ ಬರುವ ಮಕ್ಕಳಿಗೆ ಇದನ್ನು ಹೇಳಿದಾಗ ಅವರ ಕಣ್ಣು ನೋಡಬೇಕು.

ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯದಲ್ಲಿ ಸಿಂಹ ಇದೆ, ಹಿಂದೆ ಕನ್ನಡದಲ್ಲಿ ‘ಶ್ರೀ ತಳಕಾಡುಗೊಂಡ’. ವಿಜಯನಗರದಲ್ಲಿ ಹನುಮಂತ, ಬಾಲಕೃಷ್ಣ, ಗಂಡಭೇರುಂಡ. ಇಲ್ಲಿ ಜಾಣ ಮಕ್ಕಳು ಒಂದು ಸರಿಯಾದ ಆಕ್ಷೇಪ ಎತ್ತುತ್ತಾರೆ. ಮುಖ ಇಲ್ಲದಿದ್ದರೇನು, ‘ತಳಕಾಡನ್ನು ಗೆದ್ದವನು’ ಅಂತ ಕೊಚ್ಚಿಕೊಂಡಿದ್ದಾನಲ್ಲ! ನಿಜ. ಒಪ್ಪಿಕೊಳ್ಳಿ. ನಮ್ಮ ಅರಸರಿಗೆ ಹಮ್ಮು ಇರಲಿಲ್ಲ ಅಂತ ಮಕ್ಕಳಿಗೆ ಹೇಳಬೇಡಿ. ಗುಪ್ತರ ನಾಣ್ಯಗಳಲ್ಲಿ ಅರಸರ ಚಿತ್ರವೂ ಇದೆ, ವೀಣೆ ನುಡಿಸುತ್ತಾ ಕೂತ ಸಮುದ್ರಗುಪ್ತನನ್ನು ತೋರಿಸಿ. ಸಮಯ ಇದ್ದರೆ ಸಾಗರ ತಾಲ್ಲೂಕಿನ ಕೆಳದಿಯ ಮ್ಯೂಸಿಯಂಗೆ ಕರೆದುಕೊಂಡು ಹೋಗಿ. ಹಾಗೇ ಇಕ್ಕೇರಿ ದೇವಸ್ಥಾನವೂ ಆಗುತ್ತದೆ.

ಈಗ ಚರ್ಚೆ

ಮೊದಲ ಮತ ಇಲ್ಲೇ ಹಾಕಿಸಿ. ಕೈ ಎತ್ತಿಸಬೇಡಿ, ಗೆಳೆಯರನ್ನು ನೋಡಿ ಎತ್ತುತ್ತಾರೆ. ಎರಡು ಡಬ್ಬ ಇಡಿ, ಪ್ರತಿಯೊಬ್ಬರ ಕೈಗೂ ಒಂದು ಗೋಟಡಿಕೆ ಕೊಡಿ. ರಾಜ ಇರುವ ದೇಶದ ನಾಣ್ಯದಲ್ಲಿ ರಾಜನ ಮುಖ ಇರಲಿ ಅನ್ನುವವರು ಒಂದು ಡಬ್ಬಕ್ಕೆ, ಬೇಡ ಅನ್ನುವವರು ಇನ್ನೊಂದಕ್ಕೆ. ಎಣಿಸಿ, ಬೋರ್ಡಿನ ಮೂಲೆಯಲ್ಲಿ ಬರೆದಿಡಿ.

ಮಾತು ಶುರುವಾದ ಕೂಡಲೇ ಒಂದು ತಪ್ಪು ತಿಳಿವಳಿಕೆ ತೆಗೆಯಬೇಕು. ‘ರಾಣಿ ತೀರಿಕೊಂಡ ಮೇಲೆ ಅವರ ದುಡ್ಡೆಲ್ಲ ಬಂದ್ ಆಯ್ತಾ ಟೀಚರ್?’ 2016ರ ನವೆಂಬರ್‌ನಲ್ಲಿ ನಮ್ಮಲ್ಲಿ ನೋಟು ರದ್ದಾದಾಗ ಬ್ಯಾಂಕಿನ ಮುಂದೆ ಕ್ಯೂ ನಿಂತ ಕತೆಯನ್ನು ಮಕ್ಕಳು ಮನೆಯಲ್ಲಿ ಕೇಳಿರುತ್ತಾರೆ, ಅದಕ್ಕೇ ಈ ಪ್ರಶ್ನೆ. ಇಲ್ಲ, ಬಂದ್ ಆಗಲಿಲ್ಲ. 2022ರ ಸೆಪ್ಟೆಂಬರ್ 8ರಂದು ಎಲಿಜಬೆತ್ ತೀರಿಕೊಂಡಾಗ ಅವರ ಮುಖದ ಸುಮಾರು 2,700 ಕೋಟಿ ನಾಣ್ಯ ಬ್ರಿಟನ್ನಿನಲ್ಲಿ ಚಲಾವಣೆಯಲ್ಲಿತ್ತು. ಅವೆಲ್ಲ ಈಗಲೂ ಚಲಿಸುತ್ತವೆ. ಚಾರ್ಲ್ಸ್ ಮುಖದ ಮೊದಲ 50 ಪೆನ್ನಿ ಅದೇ ಡಿಸೆಂಬರ್‌ನಲ್ಲಿ ಬಂತು. ಸವೆದಂತೆಲ್ಲ ಹಳೆಯದು ಹೋಗಿ ಹೊಸದು ಬರುತ್ತದೆ. ಹಾಗಾಗಿ ‘ಖರ್ಚು’ ಅನ್ನೋ ವಾದ ಎರಡೂ ಕಡೆ ಅಷ್ಟು ಗಟ್ಟಿ ಅಲ್ಲ. ಅದರಲ್ಲೇ ಕಾಲ ಕಳೆಯಬೇಡಿ.

ಮುಖ ಇರಲಿ ಅನ್ನುವವರ ವಾದವನ್ನು ಬಲವಾಗಿ ಕಟ್ಟೋಕೆ ಸಹಾಯ ಮಾಡಿ. ನಿಮ್ಮ ಒಲವು ಬೇರೆ ಇದ್ದರೂ ಮಾಡಿ. ಒಂದು ದೇಶಕ್ಕೆ ರಾಜ ಇದ್ದಾನೆ, ಜನ ಅದನ್ನು ಒಪ್ಪಿದ್ದಾರೆ, ಮುಖ ಅದರ ಗುರುತು. ಪಕ್ಷ ಬದಲಾದರೂ ಬದಲಾಗದ ಒಂದು ಗುರುತು. ಇನ್ನೊಂದು, ಒಬ್ಬಳೇ ಎಲಿಜಬೆತ್‌ಳ ಐದು ಬೇರೆ ಬೇರೆ ಮುಖಗಳು ಬ್ರಿಟನ್ನಿನ ನಾಣ್ಯದಲ್ಲಿ ಬಂದಿವೆ, 1953ರ ಎಳೆಯ ಹುಡುಗಿಯಿಂದ 2015ರ ಅಜ್ಜಿಯವರೆಗೆ. ಅವುಗಳನ್ನು ಸಾಲಾಗಿ ಇಟ್ಟಾಗ ಒಬ್ಬ ಹುಡುಗಿ, ‘ನಮ್ಮಜ್ಜಿ ಫೋಟೋ ಆಲ್ಬಂ ಥರ ಇದೆ, ಇದನ್ನು ತೆಗೀಬಾರ್ದು’ ಅಂದಳು. ಆ ಮಾತನ್ನು ನಾನು ಹಗುರವಾಗಿ ತಗೊಳ್ಳೋದಿಲ್ಲ. ಜನ ಮುಖಕ್ಕೆ ಮನಸ್ಸು ಕೊಡುತ್ತಾರೆ. ಅಜ್ಜಿಯ ಕಾಸಿನ ಸರದಲ್ಲಿ ಪರದೇಶದ ದೊರೆಗಳು ನಮ್ಮ ಮನೆಯ ಮದುವೆಗಳಿಗೆಲ್ಲ ಬಂದಿದ್ದರಲ್ಲ.

ಬೇಡ ಅನ್ನುವವರಿಗೆ ಕೊಡೋಕೆ ಒಳ್ಳೆಯ ಉದಾಹರಣೆ ಐರ್ಲೆಂಡ್. 1928ರಲ್ಲಿ ಅವರಿಗೆ ಇನ್ನೂ ಐದನೇ ಜಾರ್ಜೇ ರಾಜ. ಆದರೂ ತಮ್ಮ ಹೊಸ ನಾಣ್ಯಗಳಲ್ಲಿ ಅವನ ಮುಖ ಹಾಕಲಿಲ್ಲ. ಒಂದು ಕಡೆ ಅವರ ಹಾರ್ಪ್ ವಾದ್ಯ, ಇನ್ನೊಂದು ಕಡೆ ಕುದುರೆ, ಸಾಲ್ಮನ್ ಮೀನು, ಹೋರಿ, ಬೇಟೆನಾಯಿ, ಮೊಲ, ಮರಿಗಳ ಜೊತೆ ಕೋಳಿ, ಹಂದಿ. ನಾಣ್ಯಗಳನ್ನು ಆರಿಸಿದ ಸಮಿತಿಗೆ ಕವಿ ಯೇಟ್ಸ್ ಅಧ್ಯಕ್ಷರು. ಜಪಾನಿಗೆ ಚಕ್ರವರ್ತಿ ಇದ್ದಾರೆ, ಆದರೆ ಐದು ಯೆನ್ ನಾಣ್ಯದಲ್ಲಿರೋದು ಭತ್ತದ ತೆನೆ. ಗದ್ದೆ ನಾಟಿ ಮುಗಿಸಿ ಬಂದ ನಮ್ಮ ಮಕ್ಕಳಿಗೆ ಅದು ತಟ್ಟನೆ ಹಿಡಿಸುತ್ತದೆ. ಆಸ್ಟ್ರೇಲಿಯಾ ನಡುದಾರಿ ಹಿಡಿದಿದೆ. ನಾಣ್ಯದಲ್ಲಿ ಚಾರ್ಲ್ಸ್ ಇದ್ದಾರೆ. ಐದು ಡಾಲರ್ ನೋಟಿನಲ್ಲಿ ಮಾತ್ರ ದೊರೆಯ ಬದಲು ಅಲ್ಲಿನ ಮೂಲನಿವಾಸಿಗಳ ಸಂಸ್ಕೃತಿಯ ಚಿತ್ರ ತರುತ್ತೇವೆ ಅಂತ 2023ರಲ್ಲಿ ಹೇಳಿದರು.

ಇನ್ನು ನಮ್ಮದು. 1950ರ ಆಗಸ್ಟ್ 15ಕ್ಕೆ ಗಣರಾಜ್ಯದ ನಾಣ್ಯಗಳು ಬಂದವು. ರಾಜನ ಜಾಗಕ್ಕೆ ಅಶೋಕನ ಸಿಂಹ, ರೂಪಾಯಿಯ ಹುಲಿಯ ಜಾಗಕ್ಕೆ ತೆನೆ, ಆಣೆಯ ಮೇಲೆ ಎತ್ತು, ಕಾಸಿನ ಮೇಲೆ ಕುದುರೆ. ಆರನೇ ಜಾರ್ಜನ ರೂಪಾಯಿ ಮತ್ತು ತೆನೆಯ ರೂಪಾಯಿಯನ್ನು ಮಕ್ಕಳ ಎರಡು ಅಂಗೈಗೆ ಒಂದೊಂದು ಇಡಿ. ಏನೂ ಹೇಳಬೇಡಿ. ಅವರೇ ಮಾತಾಡಲಿ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆಗೆ ಸಿದ್ಧರಾಗಿರಿ. ಒಬ್ಬ ಹುಡುಗ 2006ರ ಬಸವಣ್ಣನ ಐದು ರೂಪಾಯಿ ನಾಣ್ಯ ತಂದು ನನ್ನ ಮೇಜಿನ ಮೇಲಿಟ್ಟ. ‘ಇವರ ಮುಖ ಆಗುತ್ತೆ ಅಂದ್ರೆ ರಾಜನ ಮುಖ ಯಾಕಾಗಲ್ಲ ಟೀಚರ್?’ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ‘ನಾಳೆ ಹೇಳ್ತೀನಿ’ ಅಂದೆ. ರಾತ್ರಿಯೆಲ್ಲ ಯೋಚಿಸಿದೆ. ಮರುದಿನ ಹೇಳಿದ್ದು ಇಷ್ಟು. ಬಸವಣ್ಣನವರ ಮುಖ ನಾವು ಊಹಿಸಿಕೊಂಡದ್ದು, ಅವರ ಕಾಲದ ಚಿತ್ರ ನಮ್ಮ ಹತ್ತಿರ ಇಲ್ಲ. ಎಂಟು ನೂರು ವರ್ಷ ಕಳೆದ ಮೇಲೂ ಜನ ಅವರನ್ನು ನೆನೆದು ಒಂದು ನಾಣ್ಯದಲ್ಲಿ ಇಟ್ಟರು. ನೆಹರೂ ಅವರದ್ದೂ ಬಂದದ್ದು 1964ರಲ್ಲಿ, ತೀರಿಕೊಂಡ ಮೇಲೆ. ರಾಜನ ಮುಖ ಹಾಗಲ್ಲ. ಹುಟ್ಟಿದ ಮನೆಯ ಕಾರಣಕ್ಕೆ, ಪಟ್ಟ ಏರಿದ ತಕ್ಷಣ, ಪ್ರತಿಯೊಂದು ನಾಣ್ಯಕ್ಕೂ ಬಂದು ಕೂರುತ್ತದೆ. ಅವನು ಒಳ್ಳೆಯವನೋ ಕೆಟ್ಟವನೋ ಇನ್ನೂ ಯಾರಿಗೂ ಗೊತ್ತಿರೋದಿಲ್ಲ. ಹಾಗಾಗಿ ಬದುಕಿರುವ ಆಳುವವರ ಮುಖ ನಾಣ್ಯದ ಮೇಲೆ ಬೇಡ ಅನ್ನೋದು ನನ್ನ ನಿಲುವು. ರಾಜನೇ ಇರಲಿ, ನಾವೇ ಆರಿಸಿದವರಿರಲಿ. ಕೂಲಿಯವಳ ಸೆರಗಿನ ಗಂಟಿನಲ್ಲಿರುವ ಕಾಸಿನ ಮೇಲೆ ಅವಳಿಗೂ ಪಾಲಿರುವ ಏನಾದರೂ ಇರಬೇಕು, ತೆನೆ, ಎತ್ತು, ಮೀನು. ಇದನ್ನು ಮಕ್ಕಳಿಗೆ ಮುಚ್ಚಿಡದೆ ಹೇಳುತ್ತೇನೆ. ಆದರೆ ಎರಡನೇ ಮತ ಹಾಕಿಸಿ ಎಣಿಸಿದ ಮೇಲೆ. ಮೊದಲೇ ಹೇಳಿದರೆ ಅಡಿಕೆಯೆಲ್ಲ ಟೀಚರ್ ಡಬ್ಬಕ್ಕೇ ಬೀಳುತ್ತದೆ.

ಆ ಹುಡುಗ ಕೊನೆಗೂ ‘ಇರಲಿ’ ಡಬ್ಬಕ್ಕೇ ಹಾಕಿದ. ಬ್ರಿಟನ್ನಿನ ನಾಣ್ಯದಲ್ಲಿ ಏನಿರಬೇಕು ಅಂತ ಅಲ್ಲಿಯವರು ಹೇಳಬೇಕು, ನಾವಲ್ಲ ಅಂತ ಅವನ ವಾದ. ಅದೂ ಸರಿಯೇ. ಅವನ ಮಾತನ್ನು ಬೋರ್ಡಿನ ಮೇಲೆ ಬರೆದು ಎಲ್ಲರಿಗೂ ನಕಲು ಮಾಡಿಕೊಳ್ಳೋಕೆ ಹೇಳಿದೆ.

ಮುಗಿಸುವ ಮುಂಚೆ

ಹತ್ತು ನಿಮಿಷ ಉಳಿದರೆ ಪ್ರತಿಯೊಬ್ಬರೂ ಒಂದು ಹೊಸ ನಾಣ್ಯ ಬರೆಯಲಿ. ಬಳೆ ಇಟ್ಟು ದುಂಡಗೆ ಗೆರೆ ಎಳೆಸಿ. ಜೋಗ ಎಲ್ಲರೂ ಬರೆಯುತ್ತಾರೆ, ಅದನ್ನು ಮೊದಲೇ ಬೇಡ ಅನ್ನಿ. ಆಗ ಬೇರೆ ಬರುತ್ತದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ, ಕಂಬಳಿಕೊಪ್ಪೆ ಹಾಕಿಕೊಂಡ ಹೆಂಗಸು, ಶೃಂಗೇರಿಯ ಹೊಳೆಯ ಮೀನು. ಚಾರ್ಲ್ಸ್‌ನ ಹೊಸ 50 ಪೆನ್ನಿಯ ಹಿಂದೆ ಸಾಲ್ಮನ್ ಮೀನು ಬಂದಿದೆ, ಆಗ ಅದನ್ನು ತಿರುಗಿಸಿ ತೋರಿಸಿ.

ನಾಣ್ಯಗಳನ್ನು ಗೆರೆಯ ಮನೆಗಳಿಗೆ ವಾಪಸ್ ಇಡಿಸಿ. ಮಕ್ಕಳು ತಂದದ್ದನ್ನು ಅವತ್ತೇ ಕಳಿಸಿ, ಜೊತೆಗೆ ಒಂದು ಚೀಟಿ: ಯಾರ ಕಾಲದ್ದು, ಯಾವ ಇಸವಿ, ಯಾವ ಲೋಹ. ಅಕ್ಷರ ದಪ್ಪಗಿರಲಿ, ಓದೋದು ಮನೆಯ ಹಿರಿಯರು. ಒಂದು ಸಲ ಹಾಗೆ ಕಳಿಸಿದ ಚೀಟಿ ಹಿಡಿದು ಒಬ್ಬ ಹುಡುಗಿಯ ಅಜ್ಜಿ ಮರುದಿನ ಮಳೆಯಲ್ಲಿ ಶಾಲೆಗೇ ಬಂದರು. ‘ನಮ್ಮ ಕಾಸು ಯಾರ್ದು ಅಂತ ಬರ್ದಿದೀರಂತೆ, ಕನ್ನಡಕ ಇಲ್ಲ, ಸ್ವಲ್ಪ ಓದಿ ಹೇಳಿ’ ಅಂದರು. ಓದಿದೆ. ‘ಐದನೇ ಜಾರ್ಜ್, 1919, ಕಂಚು.’ ಅವರು ಸ್ವಲ್ಪ ಹೊತ್ತು ಕಾಸನ್ನೇ ನೋಡಿ, ‘ಅವನದ್ದಲ್ಲ, ಇದು ನಮ್ಮ ಅತ್ತೆ ಕೊಟ್ಟಿದ್ದು, ಅದನ್ನೂ ಬರೀರಿ’ ಅಂದರು. ಚೀಟಿಯ ಹಿಂದುಗಡೆ ಬರೆದುಕೊಟ್ಟೆ. ಆಮೇಲಿಂದ ಚೀಟಿಯಲ್ಲಿ ಒಂದು ಸಾಲು ಖಾಲಿ ಬಿಡುತ್ತೇನೆ, ಮನೆಯವರು ತುಂಬೋಕೆ.